ರಾತ್ರಿ ಪಾಳಿಯಲ್ಲಿ ಯಾರಿದ್ದಾರೆ

ಬಾಲ ನ್ಯಾಯ ಕಾಯ್ದೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ: ಅದರ ಪುಟಪುಟದಲ್ಲೂ ಕೆಲಸ ಮಾಡುವ ಮನುಷ್ಯರಿದ್ದಾರೆ. 2016ರ ಜನವರಿ 15ರಿಂದ ಜಾರಿಯಲ್ಲಿರುವ ಈ ಕಾನೂನು, ಹದಿನೆಂಟು ತುಂಬದ ಹುಡುಗನೊಬ್ಬ ಪೊಲೀಸರ ಕೈಗೆ ಸಿಕ್ಕ ಗಳಿಗೆಯಿಂದ ಅವನು ಮತ್ತೆ ಮನೆ ಸೇರುವವರೆಗೆ ಒಂದೊಂದು ಹೆಜ್ಜೆಗೂ ಒಬ್ಬೊಬ್ಬರನ್ನು ನಿಲ್ಲಿಸಿದೆ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ಹುಡುಗನನ್ನು ಹಾಜರುಪಡಿಸಬೇಕಾದ ಬಾಲ ನ್ಯಾಯ ಮಂಡಳಿಯಲ್ಲಿ ಒಬ್ಬರು ನ್ಯಾಯಾಧೀಶರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರಬೇಕು, ಆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಹುಡುಗನ ಮನೆ, ಶಾಲೆ, ಕೇರಿಗಳನ್ನು ನೋಡಿ ಬಂದು 15 ದಿನಗಳಲ್ಲಿ ಸಾಮಾಜಿಕ ತನಿಖಾ ವರದಿ ಕೊಡುವುದಕ್ಕೆ ಪರಿವೀಕ್ಷಣಾಧಿಕಾರಿ ಬೇಕು. ಜಾಮೀನು ಸಿಗದೆ, ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ವೀಕ್ಷಣಾಲಯದಲ್ಲಿ ಉಳಿದರೆ ಅಲ್ಲಿ ಅಧೀಕ್ಷಕರು, ಆಪ್ತ ಸಮಾಲೋಚಕರು, ಗೃಹಪಾಲಕರು, ಪಾಠ ಹೇಳುವವರು, ಅಡುಗೆಯವರು ಇರಬೇಕು.

ಇವರಲ್ಲಿ ಒಬ್ಬರ ಜಾಗ ಖಾಲಿಯಾದರೂ ಅವರು ಮಾಡಬೇಕಿದ್ದ ಕೆಲಸ ಹುಡುಗನ ಬದುಕಿನಿಂದ ಕಳಚಿಹೋಗುತ್ತದೆ. ಕಡತದಿಂದ ಮಾತ್ರ ಅದು ಹೋಗುವುದಿಲ್ಲ, ಕಡತ ಹೇಗೋ ತುಂಬಿಕೊಳ್ಳುತ್ತದೆ. ಹುದ್ದೆ ಖಾಲಿಯಿರುವುದು ಒಂದು ಬಗೆಯ ಕಷ್ಟವಾದರೆ, ಹುದ್ದೆ ತುಂಬಿದ್ದೂ ಅದರಲ್ಲಿ ಕೂತವರು ಆರೇಳು ತಿಂಗಳಿಗೊಮ್ಮೆ ಬದಲಾಗುತ್ತಿರುವುದು ಇನ್ನೊಂದು ಬಗೆಯ ಕಷ್ಟ. ನನ್ನ ಅನುಭವದಲ್ಲಿ ಎರಡನೆಯದೇ ಹುಡುಗರನ್ನು ಹೆಚ್ಚು ನೋಯಿಸುತ್ತದೆ, ಅದರ ಬಗ್ಗೆಯೇ ನಾವು ಕಡಿಮೆ ಮಾತನಾಡುತ್ತೇವೆ.

ನಾನು ಕೋಲಾರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಿವೃತ್ತಿಯ ನಂತರ, ನಮ್ಮ ಸೀಮೆಯ ಹುಡುಗರೂ ಇರುವ ಒಂದು ವೀಕ್ಷಣಾಲಯಕ್ಕೆ ಸಂಜೆಯ ಹೊತ್ತು ಪಾಠ ಹೇಳಲು ಹೋಗುತ್ತಿದ್ದೇನೆ. ಅದು ಯಾವುದು, ಎಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ. ಹುಡುಗರ ವಿವರಗಳನ್ನೂ ಯಾರಿಗೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ ಯಾವುದನ್ನೂ ಹೊರಗೆ ಹಾಕಬಾರದು ಎಂದು ಕಾಯ್ದೆಯ 74ನೇ ಕಲಂ ಹೇಳುತ್ತದೆ, ಹೇಳದಿದ್ದರೂ ಹಾಕಬಾರದು.

ಅಲ್ಲಿರುವ ಹುಡುಗರು ಯಾರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಪತ್ರಿಕೆಗಳಲ್ಲಿ ಬರುವ ಒಂದೆರಡು ಭೀಕರ ಪ್ರಕರಣಗಳನ್ನು ಓದಿದವರು ಇಡೀ ಗೃಹ ಅಂಥವರಿಂದಲೇ ತುಂಬಿದೆ ಎಂದುಕೊಂಡಿರುತ್ತಾರೆ. ದೇಶದಲ್ಲಿ ವರ್ಷಕ್ಕೆ ಸುಮಾರು 30 ಸಾವಿರ ಪ್ರಕರಣಗಳು ಮಕ್ಕಳ ಮೇಲೆ ದಾಖಲಾಗುತ್ತವೆ, ಸಿಕ್ಕಿಬಿದ್ದವರಲ್ಲಿ ಬಹುಪಾಲು 16ರಿಂದ 18ರೊಳಗಿನವರು. ನಾನು ಕಂಡ ಹುಡುಗರಲ್ಲಿ ಬೈಕು ಕದ್ದವರು, ಮೊಬೈಲು ಕದ್ದವರು, ಜಾತ್ರೆಯಲ್ಲೋ ಕ್ರಿಕೆಟ್ ಪಂದ್ಯದಲ್ಲೋ ಹೊಡೆದಾಟಕ್ಕೆ ಸಿಕ್ಕಿಕೊಂಡವರು ಹೆಚ್ಚು. ತಮ್ಮದೇ ವಯಸ್ಸಿನ ಹುಡುಗಿಯ ಜೊತೆ ಊರು ಬಿಟ್ಟು ಹೋಗಿ, ಹುಡುಗಿಯ ಮನೆಯವರು ದೂರು ಕೊಟ್ಟು, ಪೋಕ್ಸೊ ಕಾಯ್ದೆಯಡಿ ಬಂದವರೂ ಇದ್ದಾರೆ. ನಿಜವಾಗಿಯೂ ಇನ್ನೊಬ್ಬರ ಬದುಕನ್ನು ಹಾಳುಮಾಡಿದವರು ಕೆಲವರಿದ್ದಾರೆ, ಅದನ್ನು ಮುಚ್ಚಿಡುವುದು ನೊಂದವರಿಗೆ ಮಾಡುವ ಅನ್ಯಾಯ. ಆದರೆ ಅವರಲ್ಲೂ ಬಹುಪಾಲು ಕೆಲವೇ ವರ್ಷಗಳಲ್ಲಿ ಹೊರಗೆ ಬರುತ್ತಾರೆ. ತಪ್ಪು ಸಾಬೀತಾದ ಮೇಲೆ ಮಂಡಳಿ ಒಬ್ಬ ಹುಡುಗನನ್ನು ವಿಶೇಷ ಗೃಹದಲ್ಲಿ ಇರಿಸಬಹುದಾದ ಗರಿಷ್ಠ ಅವಧಿ ಮೂರು ವರ್ಷ.

ಪಾಠಕ್ಕೆ ಬಂದ ಒಬ್ಬ ಹುಡುಗನ ಲೆಕ್ಕದ ಪುಸ್ತಕ ಈಗಲೂ ನನ್ನ ಬಳಿ ಇದೆ. ಏಳನೇ ತರಗತಿಗೆ ಶಾಲೆ ಬಿಟ್ಟು ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುತ್ತಿದ್ದವನು. ಭಾಗಾಕಾರ ಬರುವುದಿಲ್ಲ ಎಂದು ಅವನೇ ಹೇಳಿಕೊಂಡ. ಹದಿನೈದು ಕೆ.ಜಿ.ಯ ಕ್ರೇಟು 420 ರೂಪಾಯಿಗೆ ಹೋದರೆ ಕೆ.ಜಿ.ಗೆ ಎಷ್ಟು ಬಿತ್ತು ಎಂದು ಕೇಳಿದೆ. ಇಪ್ಪತ್ತೆಂಟು ಎಂದು ತಕ್ಷಣ ಹೇಳಿದ, ಕಮಿಷನ್ ಕಳೆದರೆ ರೈತನ ಕೈಗೆ ಎಷ್ಟು ಎಂಬುದನ್ನೂ ಕೇಳದೆಯೇ ಹೇಳಿದ. ಅದೇ ಲೆಕ್ಕವನ್ನು ಹಾಳೆಯ ಮೇಲೆ ಭಾಗಾಕಾರದ ರೂಪದಲ್ಲಿ ಬರೆದು ತೋರಿಸಿದಾಗ ಅವನು ಅದನ್ನು ಬಹಳ ಹೊತ್ತು ನೋಡಿದ. ಮುಂದಿನ ವಾರ ಪುಸ್ತಕದ ನಾಲ್ಕು ಪುಟ ತುಂಬಿದ್ದವು, ಎಲ್ಲವೂ ಮಂಡಿಯ ಲೆಕ್ಕ. ಆ ಪುಟಗಳನ್ನು ಅವನ ಜೊತೆ ಕೂತು ತುಂಬಿಸಿದ್ದು ನಾನಲ್ಲ, ಅಲ್ಲಿನ ಒಬ್ಬ ಗೃಹಪಾಲಕ.

ಈ ಗೃಹಪಾಲಕರ ಹುದ್ದೆಗೆ ಕಡತದಲ್ಲಿ ‘ಹೌಸ್ ಫಾದರ್’ ಎಂದಿರುತ್ತದೆ, ಹುಡುಗರ ಬಾಯಲ್ಲಿ ಅವರು ‘ಅಣ್ಣ’. ನಾನು ಹೇಳುತ್ತಿರುವ ಈ ಅಣ್ಣ ಪಿಯುಸಿ ಓದಿದವರು, ಮಾಲೂರು ಕಡೆಯವರು, ಹೊರಗುತ್ತಿಗೆಯಲ್ಲಿ ಬಂದವರು. ಹುಡುಗರಲ್ಲಿ ಒಬ್ಬನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಎದ್ದು ಕೂತು, ಬಾಗಿಲು ತೆಗೆಯಿರಿ ಎಂದು ಕೂಗುತ್ತಿದ್ದ, ಕೆಲವು ದಿನ ಹಾಸಿಗೆ ಒದ್ದೆಯಾಗಿರುತ್ತಿತ್ತು. ಅಣ್ಣ ಅವನನ್ನು ಎಬ್ಬಿಸಿಕೊಂಡು ನಲ್ಲಿಯವರೆಗೆ ನಡೆಸುತ್ತಿದ್ದರು, ಬೇರೆಯವರಿಗೆ ಗೊತ್ತಾಗದ ಹಾಗೆ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದರು, ಮತ್ತೆ ಮಲಗುವವರೆಗೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬೆಳಿಗ್ಗೆ ರಿಜಿಸ್ಟರಿನಲ್ಲಿ ‘ರಾತ್ರಿ 2.10ಕ್ಕೆ ಎದ್ದ, ನೀರು ಕೊಟ್ಟೆ, 3ಕ್ಕೆ ಮಲಗಿದ’ ಎಂದು ಬರೆದಿಡುತ್ತಿದ್ದರು. ಆ ರಿಜಿಸ್ಟರಿನ ಸಾಲುಗಳನ್ನು ನೋಡುತ್ತಾ ಹೋದರೆ, ಅವನು ಏಳುವ ರಾತ್ರಿಗಳು ಕಡಿಮೆಯಾಗುತ್ತಾ ಬಂದದ್ದು ಕಾಣುತ್ತಿತ್ತು.

ಆಮೇಲೆ ಗುತ್ತಿಗೆಯ ಏಜೆನ್ಸಿ ಬದಲಾಯಿತು. ಹಳೆಯ ಏಜೆನ್ಸಿಯಿಂದ ಬರಬೇಕಿದ್ದ ಸಂಬಳ ಬಾಕಿ ಉಳಿಯಿತು, ಹೊಸದರಲ್ಲಿ ಮುಂದುವರಿಸುತ್ತಾರೋ ಇಲ್ಲವೋ ಗೊತ್ತಾಗಲಿಲ್ಲ, ಮನೆಯಲ್ಲಿ ಇಬ್ಬರು ಮಕ್ಕಳು. ಅವರು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿಕೊಂಡರು. ಅಲ್ಲಿ ಸಂಬಳ ತುಸು ಹೆಚ್ಚು, ತಿಂಗಳ ಮೊದಲ ವಾರದಲ್ಲೇ ಬರುತ್ತದೆ, ಇ.ಎಸ್.ಐ., ಪಿ.ಎಫ್. ಸರಿಯಾಗಿ ಕಟ್ಟುತ್ತಾರೆ. ಅವರನ್ನು ಯಾರೂ ದೂರುವ ಹಾಗಿಲ್ಲ. ಅವರ ಜಾಗಕ್ಕೆ ಬಂದವರಿಗೆ ಆ ಹುಡುಗನ ವಿಷಯ ಯಾರೂ ಹೇಳಿರಲಿಲ್ಲ. ಹಳೆಯ ರಿಜಿಸ್ಟರು ಅಲಮಾರಿಯಲ್ಲಿತ್ತು. ರಾತ್ರಿ ಎದ್ದು ಕೂಗಿದವನನ್ನು ಸುಮ್ಮನೆ ಮಲಗು ಎಂದು ಗದರಿದ್ದಕ್ಕೆ ಅವನು ಬಾಗಿಲನ್ನು ಒದ್ದ. ಅಂದಿನ ನಮೂದು ‘ಅಶಿಸ್ತು, ಸಿಬ್ಬಂದಿಗೆ ಅವಿಧೇಯತೆ’. ಈ ನಮೂದು ಆಮೇಲೆ ಮಂಡಳಿಗೆ ಹೋದ ವರದಿಯಲ್ಲೂ ಬಂತು.

ಈಗ ಸ್ವಲ್ಪ ಲೆಕ್ಕ ಹಾಕೋಣ. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾದರಿ ನಿಯಮಗಳಲ್ಲಿ ನೂರು ಮಕ್ಕಳ ಗೃಹಕ್ಕೆ ಎಷ್ಟು ಸಿಬ್ಬಂದಿ ಇರಬಹುದು ಎಂಬ ಪಟ್ಟಿಯಿದೆ: ಅಧೀಕ್ಷಕರು ಒಬ್ಬರು, ಪರಿವೀಕ್ಷಣಾಧಿಕಾರಿ ಅಥವಾ ಮಕ್ಕಳ ಕಲ್ಯಾಣಾಧಿಕಾರಿ ಮೂವರು, ಆಪ್ತ ಸಮಾಲೋಚಕರು ಇಬ್ಬರು, ಗೃಹಪಾಲಕರು ನಾಲ್ವರು, ಅಡುಗೆಯವರು, ಸಹಾಯಕರು, ಅರೆಕಾಲಿಕ ಶಿಕ್ಷಕರು ಎಲ್ಲ ಸೇರಿ 25 ಮಂದಿ. ಪಟ್ಟಿ ತುಂಬಿದಂತೆಯೇ ಕಾಣುತ್ತದೆ. ಆದರೆ ಗೃಹಪಾಲಕರ ಸಾಲನ್ನು ಗಂಟೆಗಳಲ್ಲಿ ಬಿಡಿಸಿ ನೋಡಿ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ಕೆಲಸ ಮಾಡಿದರೆ ನಾಲ್ವರಿಂದ 192 ಗಂಟೆ ಸಿಗುತ್ತದೆ. ಎಂದರೆ ನಾಲ್ಕೂ ಹುದ್ದೆ ತುಂಬಿ, ಯಾರೂ ರಜೆ ಹಾಕದೆ, ಯಾರಿಗೂ ಜ್ವರ ಬಾರದೆ ಇದ್ದಾಗಲೂ, ಯಾವ ಗಳಿಗೆಯಲ್ಲಿ ನೋಡಿದರೂ ನೂರು ಹುಡುಗರಿಗೆ ಒಬ್ಬರು, ಮೇಲೆ ಒಂದಿಷ್ಟು ಗಂಟೆ. ಅದೇ ಅನುಪಾತದಲ್ಲಿ ಐವತ್ತು ಮಕ್ಕಳ ಗೃಹಕ್ಕೆ ಇಬ್ಬರು ಎಂದುಕೊಂಡರೆ 96 ಗಂಟೆ. ಇಡೀ ವಾರ ಒಬ್ಬರನ್ನು ನಿಲ್ಲಿಸಲೂ ಅದು ಸಾಲದು. ಉಳಿದ ಗಂಟೆಗಳಲ್ಲಿ ಅಡುಗೆಯವರೋ ಕಾವಲುಗಾರರೋ ಹುಡುಗರನ್ನು ನೋಡಿಕೊಳ್ಳುತ್ತಾರೆ, ಇಲ್ಲವಾದರೆ ಗೃಹಪಾಲಕರೇ ಎರಡು ಪಾಳಿ ಒಟ್ಟಿಗೆ ಮಾಡುತ್ತಾರೆ. ಹದಿನಾರು ಗಂಟೆ ನಿಂತವರಿಂದ ರಾತ್ರಿ ಎರಡು ಗಂಟೆಗೆ ತಾಳ್ಮೆಯನ್ನು ನಿರೀಕ್ಷಿಸುವುದು ಯಾವ ನ್ಯಾಯ?

ಆದ್ದರಿಂದ ಖಾಲಿ ಹುದ್ದೆ ತುಂಬಿ ಎಂಬ ಬೇಡಿಕೆ ಅರ್ಧ ಮಾತು. ಹುದ್ದೆಗಳ ಲೆಕ್ಕವನ್ನೇ ಗೃಹಕ್ಕೆ ಇಷ್ಟು ಎಂಬುದರಿಂದ ಪಾಳಿಗೆ ಇಷ್ಟು ಎಂಬುದಕ್ಕೆ ಬದಲಿಸಬೇಕು. ಯಾವ ಮಲಗುವ ಕೋಣೆಯ ಹೊರಗೂ ರಾತ್ರಿ ಇಬ್ಬರು ಎಚ್ಚರವಿರಬೇಕು ಎಂದು ನಿಯಮ ಮಾಡಿದರೆ, ಹಗಲು ರಾತ್ರಿ ಇಬ್ಬರಂತೆ ವಾರಕ್ಕೆ 336 ಗಂಟೆ, ಅಂದರೆ ಏಳು ಮಂದಿ, ರಜೆಗೆ ಬದಲಿ ಸೇರಿ ಎಂಟು ಮಂದಿ ಬೇಕಾಗುತ್ತದೆ. ಇದು ದುಬಾರಿಯೆಂದು ಹೇಳುವವರಿದ್ದಾರೆ. ಇಬ್ಬರಿರಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಒಬ್ಬರೇ ಇದ್ದಾಗ, ಹುಡುಗರು ತಮ್ಮೊಳಗೆ ಒಬ್ಬ ಚಿಕ್ಕವನ ಮೇಲೆ ಬಿದ್ದರೆ ಬಿಡಿಸುವುದಕ್ಕೂ ಸಹಾಯಕ್ಕೆ ಕೂಗುವುದಕ್ಕೂ ಒಬ್ಬರೇ. ಸಿಬ್ಬಂದಿಯೇ ಕೈ ಎತ್ತಿದರೆ ಕಂಡವರಿಲ್ಲ, ಸಿಬ್ಬಂದಿಯ ಮೇಲೆ ಸುಳ್ಳು ದೂರು ಬಂದರೂ ಕಂಡವರಿಲ್ಲ. ವಯಸ್ಸು, ದೇಹ ಮತ್ತು ಮನಸ್ಸಿನ ಸ್ಥಿತಿ, ಆರೋಪದ ತೀವ್ರತೆ ಇವನ್ನೆಲ್ಲ ನೋಡಿ ಹುಡುಗರನ್ನು ಬೇರೆ ಬೇರೆ ಇರಿಸಬೇಕೆಂದು ಕಾಯ್ದೆಯ 47ನೇ ಕಲಂ ಹೇಳುತ್ತದೆ. ಕೋಣೆಗಳಿದ್ದರೂ ಕಾಯಲು ಜನರಿಲ್ಲದಿದ್ದಾಗ ಎಲ್ಲರನ್ನೂ ಒಂದೇ ಹಾಲಿನಲ್ಲಿ ಮಲಗಿಸಿ ಬೀಗ ಹಾಕುವುದೇ ಉಳಿಯುವ ದಾರಿ, ಹನ್ನೆರಡರವನು ಹದಿನೇಳರವನ ಪಕ್ಕದಲ್ಲಿ ಮಲಗುತ್ತಾನೆ.

ಗೃಹಪಾಲಕರಿಗೆ, ಮಕ್ಕಳ ರಕ್ಷಣೆಗೆಂದಿರುವ ಕೇಂದ್ರದ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಗೊತ್ತುಪಡಿಸಿದ ಮಾಸಿಕ ಮೊತ್ತ 15 ಸಾವಿರವನ್ನೂ ಮುಟ್ಟುವುದಿಲ್ಲ. ಯೋಜನೆಯ ವೆಚ್ಚವನ್ನು ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ 60, ರಾಜ್ಯ 40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ, ಎರಡು ಕಡೆಯ ಅನುದಾನ ಕೂಡಿ ಬರುವಾಗ ತಡವಾದರೆ ಅದರ ಹೊರೆ ಬೀಳುವುದು ಎಲ್ಲಕ್ಕಿಂತ ಕೆಳಗಿನ ಸಂಬಳದವರ ಮೇಲೆ. ವರ್ಷದ ನಡುವೆ ನಾಲ್ಕು ಸಲ ಶಿಕ್ಷಕರು ಬದಲಾದ ತರಗತಿಯನ್ನು ಯಾವುದೇ ಮುಖ್ಯೋಪಾಧ್ಯಾಯರು ಬಾಗಿಲಲ್ಲೇ ಗುರುತಿಸಬಲ್ಲರು: ಮಕ್ಕಳು ಹೊಸಬರ ಮುಖವನ್ನೇ ನೋಡುವುದಿಲ್ಲ. ಗೃಹದ ಹುಡುಗರಂತೂ ಮೊದಲೇ ಬಿಟ್ಟುಹೋದವರ ನಡುವೆ ಬೆಳೆದವರು. ಅಪ್ಪ ಬಿಟ್ಟುಹೋದ ಮನೆ, ಅವ್ವ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಅಜ್ಜಿಯ ಬಳಿ ಬಿಟ್ಟ ಮನೆ, 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ದುಡಿಯುವವರೆಲ್ಲ ನಸುಕಿನ ರೈಲು ಹತ್ತಿ ರಾತ್ರಿ ಬರುವ ಕೆಜಿಎಫ್‌ನ ಮನೆ. ಅಂಥವನಿಗೆ ಒಬ್ಬ ದೊಡ್ಡವರ ಮೇಲೆ ನಂಬಿಕೆ ಬರಲು ತಿಂಗಳುಗಳು ಬೇಕು. ನಂಬಿಕೆ ಬಂದ ತಿಂಗಳಿಗೆ ಸರಿಯಾಗಿ ಆ ದೊಡ್ಡವರೂ ಹೊರಟುಹೋದರೆ, ಮುಂದೆ ಬರುವ ಆಪ್ತ ಸಮಾಲೋಚಕರು ಎಷ್ಟೇ ಓದಿದವರಾಗಿದ್ದರೂ ಅವನ ಬಾಯಿ ತೆರೆಸುವುದು ಕಷ್ಟ.

ಬಾಯಿ ತೆರೆಸುವ ಮಾತು ಬಂದದ್ದರಿಂದ ನಮ್ಮ ಸೀಮೆಯದೇ ಒಂದು ವಿಷಯ ಹೇಳಬೇಕು. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಕೆಜಿಎಫ್‌ನಲ್ಲಿ ತಮಿಳು, ಪೇಟೆಗಳಲ್ಲಿ ಉರ್ದು. ಹುಡುಗರಿಗೆ ಶಾಲೆಯಲ್ಲಿ ಕಲಿತ ಕನ್ನಡ ಬರುತ್ತದೆ, ನನ್ನ ಪಾಠಕ್ಕೆ ಅದು ಸಾಕು. ಆದರೆ ಮನೆಯಲ್ಲಿ ನಡೆದ ಹೊಡೆತದ ಬಗ್ಗೆ, ತಾನು ಮಾಡಿದ ತಪ್ಪಿನ ಬಗ್ಗೆ, ತನ್ನ ಮೇಲೆಯೇ ನಡೆದುಹೋದ ಕೆಟ್ಟದ್ದರ ಬಗ್ಗೆ ಮಾತನಾಡುವಾಗ ಅವರು ತಾಯಿಯ ಮಾತಿಗೇ ಹೋಗುತ್ತಾರೆ. ಆಪ್ತ ಸಮಾಲೋಚಕರನ್ನು ಆರಿಸುವಾಗ ಪದವಿಯ ಜೊತೆಗೆ ಇದನ್ನೂ ನೋಡಬೇಕು. ಕೋಲಾರ ಮತ್ತು ಚಿಕ್ಕಬಳ್ಳಾಪುರದಲ್ಲಿ ತೆಲುಗು ಬಲ್ಲ ಒಬ್ಬರು ಸಮಾಲೋಚಕರು ಇರಲೇಬೇಕೆಂದು ಕೇಳುವುದು ಹೆಚ್ಚಿನ ಬೇಡಿಕೆಯಲ್ಲ.

ಇನ್ನು ಪರಿವೀಕ್ಷಣಾಧಿಕಾರಿಯ ವಿಷಯ. ಇವರನ್ನು ಎಲ್ಲರೂ ‘ಪಿ.ಓ.’ ಎಂದೇ ಕರೆಯುತ್ತಾರೆ. ಇವರು ಕೊಡುವ ಸಾಮಾಜಿಕ ತನಿಖಾ ವರದಿ ಮಾದರಿ ನಿಯಮಗಳ 6ನೇ ನಮೂನೆಯಲ್ಲಿದೆ. ಅದು ಸಣ್ಣ ನಮೂನೆಯಲ್ಲ. ಕುಟುಂಬದಲ್ಲಿ ಯಾರು ಯಾರಿದ್ದಾರೆ, ಅವರ ನಡುವಿನ ಸಂಬಂಧ ಹೇಗಿದೆ, ಹುಡುಗ ಶಾಲೆ ಬಿಟ್ಟದ್ದು ಏಕೆ, ದುಡಿಯುತ್ತಿದ್ದನೇ, ದುಡಿದದ್ದನ್ನು ಯಾರ ಕೈಗೆ ಕೊಡುತ್ತಿದ್ದ, ಅವನ ಮೇಲೆ ಯಾರಾದರೂ ದೌರ್ಜನ್ಯ ಮಾಡಿದ್ದಾರೆಯೇ ಎಂಬುದನ್ನೆಲ್ಲ ಅದು ಕೇಳುತ್ತದೆ. ಇದನ್ನು ಮನಸ್ಸಿಟ್ಟು ತುಂಬಿದರೆ ಮಂಡಳಿಯ ಮುಂದೆ ಒಬ್ಬ ಹುಡುಗ ನಿಲ್ಲುತ್ತಾನೆ. ಕೂತಲ್ಲೇ ತುಂಬಿದರೆ ಎಲ್ಲ ವರದಿಯೂ ಒಂದೇ ಆಗುತ್ತದೆ: ‘ಬಡ ಕುಟುಂಬ, ಕೆಟ್ಟ ಸಹವಾಸ, ಪೋಷಕರ ನಿಗಾ ಇಲ್ಲ’. ಕೋಲಾರದಿಂದ ರಾಯಲ್ಪಾಡಿನ ಆಚೆಯ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಗೆ ಬಸ್ಸಿನಲ್ಲಿ ಹೋಗಿ, ಕೂಲಿಗೆ ಹೋದ ತಾಯಿ ಬರುವವರೆಗೆ ಕಾದು, ಅವಳ ಜೊತೆ ಮಾತಾಡಿ, ಶಾಲೆಯ ಮೇಷ್ಟ್ರನ್ನು ಕಂಡು ಹಿಂತಿರುಗಲು ಇಡೀ ದಿನ ಬೇಕು. ಅದೇ ಅಧಿಕಾರಿ ಮಂಡಳಿಯ ಕಲಾಪಕ್ಕೂ ಹಾಜರಿರಬೇಕು, ಬಾಲ್ಯವಿವಾಹ ತಡೆಯುವ ಕಡೆಗೂ ಓಡಬೇಕು, ಆನ್‌ಲೈನಿನಲ್ಲಿ ಅಂಕಿಅಂಶವನ್ನೂ ತುಂಬಬೇಕು. ಪ್ರಯಾಣಭತ್ಯೆ ಬರುವುದು ಯಾವಾಗಲೋ.

ಈ ವರದಿ ತಡವಾದರೆ, ಬರೀ ಹಾಳೆಯಾಗಿ ಬಂದರೆ, ಹುಡುಗ ಒಳಗೇ ಉಳಿಯುತ್ತಾನೆ. 12ನೇ ಕಲಮಿನ ಪ್ರಕಾರ ಮಕ್ಕಳಿಗೆ ಜಾಮೀನು ಕೊಡುವುದೇ ಸಾಮಾನ್ಯ ನಿಯಮ, ನಿರಾಕರಿಸುವುದು ಅಪವಾದ. ಜಾಮೀನಿನ ಷರತ್ತನ್ನು ಏಳು ದಿನಗಳಲ್ಲಿ ಪೂರೈಸಲಾಗದಿದ್ದರೆ ಷರತ್ತು ಸಡಿಲಿಸಲು ಮತ್ತೆ ಮಂಡಳಿಯ ಮುಂದೆ ತರಬೇಕೆಂದೂ ಅಲ್ಲೇ ಇದೆ. ಆದರೆ ಕರೆದುಕೊಂಡು ಹೋಗಲು ಯಾರು ಬರಬೇಕು ಎಂದು ಹುಡುಕುವವರು ಪಿ.ಓ. ತಾಯಿಯ ಫೋನ್ ನಂಬರು ಬದಲಾಗಿದೆ, ಅವಳು ವೈಟ್‌ಫೀಲ್ಡಿನ ಯಾವುದೋ ಶೆಡ್ಡಿನಲ್ಲಿದ್ದಾಳೆ, ಮಗ ಎಲ್ಲಿದ್ದಾನೆಂದು ಅವಳಿಗೂ ಸರಿಯಾಗಿ ತಿಳಿದಿಲ್ಲ. ಅವಳನ್ನು ಹುಡುಕಿ ಕರೆತರಲು ಎರಡು ದಿನ ಓಡಾಡುವ ಒಬ್ಬ ಅಧಿಕಾರಿ ಇದ್ದಿದ್ದರೆ ಹತ್ತು ದಿನಕ್ಕೆ ಮನೆಗೆ ಹೋಗಬಹುದಾಗಿದ್ದ ಹುಡುಗ, ಎರಡು ಮೂರು ತಿಂಗಳು ಇದ್ದುದನ್ನು ನಾನು ನೋಡಿದ್ದೇನೆ. ಅಷ್ಟು ದಿನ ಅವನಿಗೆ ಊಟ, ಹಾಸಿಗೆ, ಕಾವಲು ಕೊಡಲು ಸರ್ಕಾರಕ್ಕೆ ಆದ ಖರ್ಚು ಒಬ್ಬ ಅಧಿಕಾರಿಯ ಎರಡು ದಿನದ ಪ್ರಯಾಣಭತ್ಯೆಗಿಂತ ಎಷ್ಟೋ ಪಾಲು ಹೆಚ್ಚು. ಸಿಬ್ಬಂದಿಗೆ ಹಣ ಸುರಿಯಬೇಕೆ ಎಂದು ಕೇಳುವವರು ಈ ಲೆಕ್ಕವನ್ನೂ ನೋಡಬೇಕು. ಗೃಹದಲ್ಲಿ ಜನ ಕಡಿಮೆಯಾದಷ್ಟೂ ಉಳಿದವರ ಪಾಲನೆ ಸುಧಾರಿಸುತ್ತದೆ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಸುಪ್ರೀಂ ಕೋರ್ಟ್ ಮಕ್ಕಳನ್ನು ಸಾಧ್ಯವಾದಷ್ಟು ಜಾಮೀನಿನ ಮೇಲೆ ಮನೆಗೆ ಕಳಿಸುವುದನ್ನು ಪರಿಶೀಲಿಸಲು ಮಂಡಳಿಗಳಿಗೆ ಸೂಚಿಸಿತ್ತು. ಸಾಂಕ್ರಾಮಿಕ ಇಲ್ಲದ ದಿನಗಳಲ್ಲೂ ಅದೇ ದೃಷ್ಟಿ ಬೇಕು.

ಎಲ್ಲಕ್ಕಿಂತ ಭಾರವಾದ ತೀರ್ಮಾನಗಳಿಗೂ ಇದೇ ಸಿಬ್ಬಂದಿಯ ಕೆಲಸವೇ ಆಧಾರ. 16 ದಾಟಿದ ಹುಡುಗನ ಮೇಲೆ ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಘೋರ ಅಪರಾಧದ ಆರೋಪವಿದ್ದರೆ, ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂದು ನೋಡಲು ಮಂಡಳಿ ಮೂರು ತಿಂಗಳೊಳಗೆ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರ ಓದಿದವರು ಇಲ್ಲದಿದ್ದರೆ ಅಂಥ ಪರಿಣತರ ನೆರವು ಪಡೆಯುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿತು. ಪೋಕ್ಸೊದ ಕೆಲವು ಕಲಮುಗಳಲ್ಲಿ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ, ಹಾಗಾಗಿ ಹುಡುಗಿಯ ಜೊತೆ ಊರು ಬಿಟ್ಟ ಹದಿನೇಳರ ಹುಡುಗನೂ ಈ ಮೌಲ್ಯಮಾಪನದ ಮುಂದೆ ನಿಲ್ಲುತ್ತಾನೆ. ಒಂದು ಮಧ್ಯಾಹ್ನ ಅರ್ಧ ಗಂಟೆ ಕಂಡವರ ವರದಿಯ ಮೇಲೆ ಇದನ್ನು ತೀರ್ಮಾನಿಸಬಾರದು. ಕೋಲಾರದ ಟಮಕದಲ್ಲಿ ವೈದ್ಯಕೀಯ ಕಾಲೇಜಿದೆ, ನಿಮ್ಹಾನ್ಸ್ ಎರಡು ಗಂಟೆಯ ದಾರಿ. ಮಕ್ಕಳ ರಕ್ಷಣೆಯಲ್ಲಿ ಕೆಲಸ ಮಾಡುವವರಿಗೆ ತರಬೇತಿ ಕೊಡುವ ‘ಸಂವಾದ್’ ಎಂಬ ವಿಭಾಗವೇ ನಿಮ್ಹಾನ್ಸ್‌ನಲ್ಲಿದೆ. ದೇಶದ ಬೇರೆ ಎಷ್ಟೋ ಜಿಲ್ಲೆಗಳಿಗೆ ಇಲ್ಲದ ಈ ಅನುಕೂಲವನ್ನು ನಾವು ಬಳಸಿಕೊಂಡದ್ದು ಸಾಲದು.

ತರಬೇತಿಯ ಬಗ್ಗೆ ಒಂದು ಮಾತು. ಎರಡು ದಿನದ ಕಾರ್ಯಾಗಾರ, ಮಧ್ಯಾಹ್ನದ ಊಟ, ಕೊನೆಯಲ್ಲಿ ಪ್ರಮಾಣಪತ್ರ ಎಂಬ ಬಗೆಯ ತರಬೇತಿಯಿಂದ ಗೃಹಪಾಲಕರಿಗೆ ಕಾಯ್ದೆಯ ಕಲಮುಗಳ ಪರಿಚಯವಾಗುತ್ತದೆ. ಕೈ ಕೊಯ್ದುಕೊಂಡ ಹುಡುಗನ ಮುಂದೆ ಏನು ಮಾಡಬೇಕು, ತಾಯಿಯನ್ನು ಬೈದ ಹುಡುಗನ ಮೇಲೆ ತನಗೇ ಬಂದ ಸಿಟ್ಟನ್ನು ಎಲ್ಲಿ ಇಳಿಸಬೇಕು ಎಂಬುದು ಅದರಿಂದ ಬರುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ಹಿರಿಯರೊಬ್ಬರು ಕೂತು, ಈ ವಾರ ಏನಾಯಿತು ಎಂದು ಕೇಳಬೇಕು. ನಾನು ಹೋಗುವ ಗೃಹದಲ್ಲಿ ಒಮ್ಮೆ ಒಬ್ಬ ಗೃಹಪಾಲಕ ಊಟದ ಮನೆಯ ಕಟ್ಟೆಯ ಮೇಲೆ ಕೂತು, ‘ಮೇಡಂ, ಹುಡುಗರನ್ನ ಹೇಗಿದ್ದೀಯಪ್ಪಾ ಅಂತ ಎಲ್ಲರೂ ಕೇಳ್ತಾರೆ, ನಮ್ಮನ್ನ ಯಾರು ಕೇಳ್ತಾರೆ’ ಎಂದರು. ಹಿಂದಿನ ದಿನ ಅವರ ಮುಖಕ್ಕೆ ತಟ್ಟೆ ಬಿದ್ದಿತ್ತು, ಹುಬ್ಬಿನ ಮೇಲೆ ಗಾಯವಿತ್ತು, ಆದರೂ ಬೆಳಿಗ್ಗೆ ಪಾಳಿಗೆ ಬಂದಿದ್ದರು, ಏಕೆಂದರೆ ಬದಲಿ ಬರುವವರಿರಲಿಲ್ಲ. ಸ್ವಾತಂತ್ರ್ಯ ಕಳೆದುಕೊಂಡ ಕಿರಿಯರ ರಕ್ಷಣೆಗೆಂದು ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ನಿಯಮಗಳು, ಇಂಥ ಸಂಸ್ಥೆಗಳ ಸಿಬ್ಬಂದಿಯನ್ನು ವೃತ್ತಿಪರ ಅಧಿಕಾರಿಗಳೆಂದೇ ನೇಮಿಸಬೇಕು, ಯೋಗ್ಯರು ಬಂದು ಉಳಿಯುವಷ್ಟು ಸಂಬಳ ಕೊಡಬೇಕು ಎನ್ನುತ್ತವೆ. ಬಂದು ಉಳಿಯುವಷ್ಟು ಎಂಬಲ್ಲಿ ಇಡೀ ವಿಷಯವಿದೆ.

ಸಿಬ್ಬಂದಿಯ ಪರವಾಗಿ ಇಷ್ಟು ಬರೆದವಳು ಹೊಡೆತವನ್ನು ಸಮರ್ಥಿಸುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಗೃಹದೊಳಗೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದು 82ನೇ ಕಲಮಿನಡಿ ಅಪರಾಧ, ಕ್ರೌರ್ಯವೆಸಗಿದವರು ಅಲ್ಲಿನ ಸಿಬ್ಬಂದಿಯೇ ಆಗಿದ್ದರೆ 75ನೇ ಕಲಮಿನಡಿ ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಐದು ಲಕ್ಷದವರೆಗೆ ದಂಡವಿದೆ. ಪೊಲೀಸ್ ಪರಿಶೀಲನೆ ಇಲ್ಲದೆ ಯಾರನ್ನೂ ಕೆಲಸಕ್ಕೆ ಸೇರಿಸಬಾರದು, ಇದರಲ್ಲಿ ರಿಯಾಯಿತಿಯೇ ಬೇಡ. ಕೈ ಎತ್ತಿದವರನ್ನು ಅಂದೇ ಹೊರಗೆ ಕಳಿಸಬೇಕು. ಆದರೆ ಘಟನೆಯಾದಾಗ ಒಬ್ಬ ಗುತ್ತಿಗೆ ನೌಕರನನ್ನು ತೆಗೆದುಹಾಕಿ, ಅವನನ್ನು ಎರಡು ಪಾಳಿ ನಿಲ್ಲಿಸಿದ್ದ ವ್ಯವಸ್ಥೆಯನ್ನು ಹಾಗೆಯೇ ಬಿಟ್ಟರೆ, ಅವನ ಜಾಗಕ್ಕೆ ಬಂದವನೂ ಅದೇ ದಣಿವಿನಲ್ಲಿ ಅದೇ ಬಾಗಿಲ ಮುಂದೆ ನಿಲ್ಲುತ್ತಾನೆ.

ಗೃಹಗಳನ್ನು ಮೂರು ತಿಂಗಳಿಗೊಮ್ಮೆಯಾದರೂ ಪರಿಶೀಲಿಸಲು 54ನೇ ಕಲಮಿನಡಿ ಸಮಿತಿಗಳಿವೆ. ಕನಿಷ್ಠ ಮೂವರು ಬರಬೇಕು, ಅವರಲ್ಲಿ ಒಬ್ಬರು ಮಹಿಳೆ, ಒಬ್ಬರು ವೈದ್ಯಾಧಿಕಾರಿ ಇರಬೇಕು. ಸಮಿತಿಯವರು ಬಂದಾಗ ಶೌಚಾಲಯ ನೋಡುತ್ತಾರೆ, ಸಾಂಬಾರು ರುಚಿ ನೋಡುತ್ತಾರೆ, ಸಿ.ಸಿ. ಟಿ.ವಿ. ನಡೆಯುತ್ತಿದೆಯೇ ಎಂದು ಕೇಳುತ್ತಾರೆ. ಇವೆಲ್ಲ ಬೇಕಾದದ್ದೇ. ಆದರೆ ಹಾಜರಿ ಪುಸ್ತಕ ತೆಗೆದು, ಕಳೆದ ಹದಿನೈದು ರಾತ್ರಿ ಯಾರು ಯಾರಿದ್ದರು, ಅವರಲ್ಲಿ ಎಷ್ಟು ಮಂದಿ ಅದರ ಹಿಂದಿನ ಹಗಲೂ ಕೆಲಸ ಮಾಡಿದ್ದರು, ಆರು ತಿಂಗಳ ಹಿಂದಿನ ಹೆಸರುಗಳಲ್ಲಿ ಎಷ್ಟು ಈಗಲೂ ಇವೆ, ಕೊನೆಯ ಸಂಬಳ ಯಾವ ತಾರೀಕಿಗೆ ಬಂತು ಎಂದು ಕೇಳಿದರೆ ಗೃಹದ ನಿಜಸ್ಥಿತಿ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಈ ನಾಲ್ಕು ಪ್ರಶ್ನೆಗಳನ್ನು ಪರಿಶೀಲನಾ ವರದಿಯಲ್ಲಿ ಕಡ್ಡಾಯ ಮಾಡುವುದಕ್ಕೆ ಒಂದು ರೂಪಾಯಿಯೂ ಬೇಡ.

ಬಿಡುಗಡೆಯಾದ ಮೇಲಿನ ಪಾಲನೆಯ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು. ಇಲ್ಲಿ ಇಷ್ಟು ಸಾಕು: ಹದಿನೆಂಟು ತುಂಬಿ ಹೊರಬಂದವರಿಗೆ ನೆರವು ಕೊಡಲು 46ನೇ ಕಲಂ ಇದೆ, ಹಳೆಯ ಪ್ರಕರಣ ಮುಂದಿನ ಬದುಕಿಗೆ ಅಡ್ಡಬರಬಾರದು ಎಂದು 24ನೇ ಕಲಂ ಇದೆ, ಆದರೆ ಇವನ್ನು ಹುಡುಗನಿಗೆ ತಿಳಿಸಿ, ಅರ್ಜಿ ಬರೆಸಿ, ಕಚೇರಿಗೆ ಕರೆದುಕೊಂಡು ಹೋಗುವವರೂ ಅದೇ ಪಿ.ಓ.ಗಳೇ, ಅವರ ಕೈಯಲ್ಲಿ ಈಗಾಗಲೇ ಇರುವುದನ್ನು ಮೇಲೆ ಹೇಳಿದ್ದೇನೆ.

ಈ ಯಾವುದೂ ಹೊಸದಾಗಿ ಕಂಡುಹಿಡಿಯಬೇಕಾದ ಸತ್ಯವಲ್ಲ. ಬಾಲ ನ್ಯಾಯ ಕಾಯ್ದೆ ಸರಿಯಾಗಿ ಜಾರಿಯಾಗಬೇಕೆಂದು ಕೋರಿ 2005ರಲ್ಲಿ ಸಲ್ಲಿಕೆಯಾಗಿದ್ದ ಸಂಪೂರ್ಣಾ ಬೆಹುರಾ ಅವರ ಅರ್ಜಿಯ ಮೇಲೆ 2018ರ ಫೆಬ್ರವರಿ 9ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಮಕ್ಕಳ ಹಕ್ಕುಗಳ ಆಯೋಗಗಳಲ್ಲಿ, ಬಾಲ ನ್ಯಾಯ ಮಂಡಳಿಗಳಲ್ಲಿ, ಮಕ್ಕಳ ಕಲ್ಯಾಣ ಸಮಿತಿಗಳಲ್ಲಿ ಖಾಲಿ ಇರುವ ಸ್ಥಾನಗಳನ್ನು ಬೇಗ ತುಂಬಬೇಕೆಂದು ಹೇಳಿ, ಕಾಯ್ದೆಯ ಜಾರಿಯನ್ನು ಗಮನಿಸಲು ಹೈಕೋರ್ಟ್‌ಗಳು ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಳ್ಳುವಂತೆ ಮುಖ್ಯ ನ್ಯಾಯಮೂರ್ತಿಗಳನ್ನು ಕೋರಿತು. ನ್ಯಾಯಾಲಯ ಹೇಳಬೇಕಾದ್ದನ್ನು ಹೇಳಿಯಾಗಿದೆ. 2021ರ ತಿದ್ದುಪಡಿಯ ನಂತರ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಜಿಲ್ಲಾಧಿಕಾರಿಗಳ ಮೇಲ್ವಿಚಾರಣೆಗೆ ಬಂದಿದೆ. ಹೊರಗುತ್ತಿಗೆಯ ಏಜೆನ್ಸಿ ಬದಲಾದರೂ ಮಕ್ಕಳ ಜೊತೆ ಇರುವವರನ್ನು ಬದಲಿಸಬಾರದು ಎಂಬ ಒಂದು ಷರತ್ತನ್ನು ಮುಂದಿನ ಟೆಂಡರಿನಲ್ಲಿ ಸೇರಿಸುವುದು, ಪಿ.ಓ.ಗಳಿಗೆ ಮಂಡಳಿಯ ಕೆಲಸ ಬಿಟ್ಟು ಬೇರೆ ಹೊರೆ ಹಾಕದಿರುವುದು, ಬಿಟ್ಟುಹೋಗುವ ಗೃಹಪಾಲಕರು ಹೊಸಬರ ಜೊತೆ ಒಂದು ವಾರ ಇದ್ದು ಒಬ್ಬೊಬ್ಬ ಹುಡುಗನ ವಿಷಯವನ್ನೂ ಹೇಳಿ ಹೋಗುವಂತೆ ಆ ವಾರದ ಸಂಬಳ ಕೊಡುವುದು, ಇಷ್ಟಕ್ಕೆ ದೆಹಲಿಯ ಒಪ್ಪಿಗೆಗೆ ಕಾಯಬೇಕಾಗಿಲ್ಲ.

ಇದನ್ನು ಓದುತ್ತಿರುವ ಕೋಲಾರ, ಚಿಕ್ಕಬಳ್ಳಾಪುರದ ಗೆಳೆಯರಲ್ಲಿ ಶಿಕ್ಷಕರು, ದಾದಿಯರು, ವಕೀಲರು, ಸಮಾಜಕಾರ್ಯ ಓದಿದವರು ಬಹಳ ಮಂದಿ ಇದ್ದೀರಿ. ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದ ಕೆಲಸದಲ್ಲಿ ಕನಿಷ್ಠ ಏಳು ವರ್ಷ ತೊಡಗಿದವರು ಬಾಲ ನ್ಯಾಯ ಮಂಡಳಿಯ ಸಮಾಜ ಕಾರ್ಯಕರ್ತ ಸದಸ್ಯರಾಗಲು ಅರ್ಜಿ ಹಾಕಬಹುದು. ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನಲ್ಲಿ ಪದವಿ ಪಡೆದು ವೃತ್ತಿ ಮಾಡುತ್ತಿರುವವರಿಗೂ ಅವಕಾಶವಿದೆ. ಅರ್ಜಿ ಕರೆದಾಗ ಯೋಗ್ಯರು ಮುಂದೆ ಬರದಿದ್ದರೆ ಆ ಕುರ್ಚಿಗಳೂ ಖಾಲಿ ಉಳಿಯುತ್ತವೆ. ಅಷ್ಟು ಸಮಯ ಕೊಡಲಾಗದವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಪೊಲೀಸ್ ಪರಿಶೀಲನೆಗೆ ಒಪ್ಪಿಕೊಂಡು, ಪಾಠ ಹೇಳಲು ಬರುತ್ತೇವೆ ಎಂದು ಬರೆದುಕೊಡಬಹುದು. ಒಂದು ವಾರ ಬಂದು ಫೋಟೊ ತೆಗೆಸಿಕೊಂಡು ಹೋಗುವುದಾದರೆ ದಯವಿಟ್ಟು ಬೇಡ. ಕನಿಷ್ಠ ಒಂದು ಶೈಕ್ಷಣಿಕ ವರ್ಷ ತಪ್ಪದೆ ಬರುವ ಹಾಗಿದ್ದರೆ ಬನ್ನಿ. ಖಾಸಗಿ ಅಭ್ಯರ್ಥಿಗಳಾಗಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಕಟ್ಟಬೇಕೆಂದಿರುವ ಹುಡುಗರು ಈಗಲೂ ಇದ್ದಾರೆ. ಗಣಿತವನ್ನು ನಾನು ನೋಡಿಕೊಳ್ಳುತ್ತಿದ್ದೇನೆ, ಇಂಗ್ಲಿಷ್ ಮತ್ತು ವಿಜ್ಞಾನ ಹೇಳಿಕೊಡುವವರು ಬೇಕಾಗಿದ್ದಾರೆ.